ಗಿರಣಿ ಸಂಘದ ವಕೀಲರು
(ರೋಜಾದ ಸಭೆಯಲ್ಲಿ ಮಾಡಿದ ಭಾಷಣ)



ಮಲ್ಲಿಕಾರ್ಜುನ ಖರ್ಗೆಯವರ ಪಕ್ಷ ನಮ್ಮದಲ್ಲ. ಆದರೂ ಲೆಕ್ಕ ಲೆಕ್ಕವೇ. ಅವರು 1942ರಲ್ಲಿ ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದವರು. ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು ಈ ಊರಿಗೆ ಬಂದರು. ಇಲ್ಲಿಯೇ ಓದಿ ವಕೀಲರಾದರು.

1969ರಲ್ಲಿ ಎಂ.ಎಸ್.ಕೆ. ಗಿರಣಿಯ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾದರು. ಇದರ ಬೆಲೆ ನಿಮಗೆ ಗೊತ್ತು. ನೋಟೀಸು ಬಂದಾಗ ಓದಿ ಹೇಳುವವನೊಬ್ಬ ಬೇಕು. ಸಹಿ ಹಾಕುವ ಮೊದಲು ಬೇಕು, ಆಮೇಲಲ್ಲ. ಅದೇ ವರ್ಷ ಕಾಂಗ್ರೆಸ್ ಸೇರಿದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರು. 2008ರವರೆಗೆ ಒಂಬತ್ತು ಗೆಲುವು.

ಹಿರಿಯ ಅಂಗಡಿಕಾರರಿಗೆ ಜಕಾತಿ ನಾಕೆಯ ನೆನಪಿರಬಹುದು. ಗಾಡಿ ನಿಲ್ಲಿಸಬೇಕು, ಮೂಟೆ ಬಿಚ್ಚಬೇಕು, ಕೈ ಬಿಸಿ ಮಾಡಬೇಕು! 1973ರಲ್ಲಿ ಜಕಾತಿ ರದ್ದತಿ ಸಮಿತಿಯ ಅಧ್ಯಕ್ಷರಾದವರು ಇವರೇ. ಆ ವರದಿಯ ಮೇಲೆ ದೇವರಾಜ ಅರಸರ ಸರ್ಕಾರ ಅದನ್ನು ತೆಗೆಯಿತು. (ಅದರ ಬೆನ್ನಿಗೇ 1979ರ ಪ್ರವೇಶ ತೆರಿಗೆ ಬಂತೆನ್ನಿ, ಅದು ಬೇರೆ ಮಾತು.)

1976ರಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯಮಂತ್ರಿಯಾಗಿ, ಪರಿಶಿಷ್ಟ ಜಾತಿ ಪಂಗಡಗಳಿಗೆ ಮೀಸಲಾಗಿದ್ದೂ ಖಾಲಿ ಬಿದ್ದಿದ್ದ 16,000ಕ್ಕೂ ಹೆಚ್ಚು ಶಿಕ್ಷಕರ ಸ್ಥಾನಗಳನ್ನು ತುಂಬಿಸಿದರು. ಶಾಲೆಯಲ್ಲಿ ಪಾಠ ಹೇಳಿ ಬಂದ ನಮಗೆ ಈ ಒಂದು ಅಂಕಿ ಹತ್ತು ಭಾಷಣಗಳಿಗಿಂತ ದೊಡ್ಡದು.

2019ರಲ್ಲಿ ಇದೇ ಕ್ಷೇತ್ರ ಅವರನ್ನು ಸೋಲಿಸಿತು. 2022ರಲ್ಲಿ ಅವರ ಪಕ್ಷ ಅಧ್ಯಕ್ಷರನ್ನಾಗಿ ಆರಿಸಿತು.

ಗಿರಣಿ ಏನಾಯಿತು? ಮುಚ್ಚಿತು. ಎಂ.ಎಸ್.ಕೆ. ಎಂಬುದು ಈಗ ಬರೀ ಬಡಾವಣೆಯ ಹೆಸರು. ಅದನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ವಕೀಲರು ಮೇಲೇರಿದ ಮೇಲೆ ಸಂಘದ ಕಾಗದಪತ್ರ ಓದಲು ನಮ್ಮಲ್ಲಿ ಎಷ್ಟು ಮಂದಿ ಕಲಿತೆವು? ನಿಮ್ಮ ಮನೆಯಲ್ಲಿ ಹಳೆಯ ಹಾಜರಿ ಚೀಟಿ, ಪಿ.ಎಫ್. ಕಾಗದ ಇದ್ದರೆ ಭಾನುವಾರ ಸಂಜೆ ತನ್ನಿ. ಕೂತು ಓದೋಣ.