ತಡೆಯುವುದೂ ಒಂದು ಆಟವೇ
(ವಾಚನಾಲಯದ ಸದಸ್ಯರ ಮುಂದೆ ಮಾಡಿದ ಭಾಷಣ)



ನಮ್ಮ ವಾಚನಾಲಯದ ಟೇಬಲ್ ಟೆನ್ನಿಸ್ ಮೇಜಿನ ಬಳಿ ಈಗ ಹುಡುಗರೇ ಕಾಣುತ್ತಾರೆ. ಮೂವತ್ತು ದಾಟಿದ ನಾವು ಪತ್ರಿಕೆ ಮಡಿಚಿಟ್ಟು, ತುಸು ಹೊತ್ತು ನಿಂತು ನೋಡಿ, ಮನೆಗೆ ಹೊರಡುತ್ತೇವೆ. ಎಂಟು ಗಂಟೆ ಲೆಕ್ಕದ ಪುಸ್ತಕದ ಮೇಲೆ ಬಗ್ಗಿದ ಬೆನ್ನಿಗೂ, ಯಂತ್ರದೆದುರು ನಿಂತ ಕಾಲಿಗೂ ಅವರ ಹೊಡೆತದ ವೇಗ ನಿಲುಕದು. ಹೀಗೇ ಬಿಟ್ಟರೆ, ಎಲ್ಲರ ವಂತಿಗೆಯಿಂದ ಬಂದ ಮೇಜು ಕೆಲವರದೇ ಆದೀತು. ಆದುದರಿಂದ ವೇಗವಿಲ್ಲದವರಿಗೂ ಇರುವ ದಾರಿಯೊಂದನ್ನು ಇಂದು ವಿಚಾರ ಮಾಡೋಣ.

ಬಿರುಸಾಗಿ ಹೊಡೆಯುವವನ ಬಲ ತೋಳಿನಲ್ಲಿ ಮಾತ್ರವಿಲ್ಲ, ರೂಢಿಯಲ್ಲಿದೆ. ಚೆಂಡು ಇಂಥ ವೇಗದಲ್ಲಿ, ಇಷ್ಟೇ ಎತ್ತರಕ್ಕೆ ಮರಳುವುದೆಂದು ಅವನ ಕೈ ಮೊದಲೇ ಸಿದ್ಧವಾಗಿರುತ್ತದೆ. ಆ ಲೆಕ್ಕವನ್ನು ತಪ್ಪಿಸಿದರೆ ಅವನ ವೇಗವೇ ಅವನಿಗೆ ತೊಡಕು. 1952ರಲ್ಲಿ ಇದೇ ಮುಂಬಯಿಯಲ್ಲಿ ನಡೆದ ವಿಶ್ವ ಪಂದ್ಯಾವಳಿಯಲ್ಲಿ ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದರು. ಚೆಂಡು ತಾಗಿದ ಸದ್ದೇ ಎದುರಾಳಿಗಳಿಗೆ ಸರಿಯಾಗಿ ಕೇಳಿಸಲಿಲ್ಲ. ಅಂತಿಮ ಪಂದ್ಯದಲ್ಲಿ ಹಂಗೆರಿಯ ಕೊಜಿಯಾನ್‌ರನ್ನು ಸೋಲಿಸಿ ಅವರು ಪ್ರಶಸ್ತಿ ಪಡೆದರು.

ನಮಗೆ ಹೊಸ ಬ್ಯಾಟು ಬೇಕಿಲ್ಲ. ನಾಲ್ಕು ಬಗೆಯ ತಡೆ ಸಾಕು.

ಒಂದು, ಹುಸಿ ಚಾಪ್. ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಎಳೆದು ಚೆಂಡನ್ನು ಕತ್ತರಿಸಿದರೆ ಅದು ಹಿಮ್ಮುಖವಾಗಿ ಸುತ್ತುತ್ತದೆ. ಎದುರಾಳಿ ಅದನ್ನು ಮೇಲಕ್ಕೆತ್ತಿ ಹೊಡೆಯಬೇಕು. ಕೈಯ ಬೀಸು ಹಾಗೆಯೇ ಇರಲಿ, ಆದರೆ ಚೆಂಡನ್ನು ಉಜ್ಜದೆ ಬರಿದೆ ತಾಗಿಸಿ. ಸುತ್ತಿಲ್ಲದ ಚೆಂಡನ್ನು ಅವನು ಎಂದಿನಂತೆ ಎತ್ತಿದರೆ ಅದು ಮೇಜು ದಾಟಿ ಬೀಳುತ್ತದೆ.

ಎರಡು, ಮೇಜಿನ ಹತ್ತಿರವೇ ನಿಂತು, ಚೆಂಡು ಪುಟಿದೊಡನೆ ಬ್ಯಾಟನ್ನು ತುಸು ಕೆಳಕ್ಕೆ ಜಾರಿಸುವುದು. ಅವನ ಹೊಡೆತದ ಬಿರುಸು ನಮ್ಮ ಬ್ಯಾಟಿನಲ್ಲೇ ಸತ್ತು, ಚೆಂಡು ಬಲೆಯ ಬಳಿ ಬೀಳುತ್ತದೆ. ಹಿಂದೆ ನಿಂತವನು ಓಡಿ ಬರಬೇಕು.

ಮೂರು, ತಡೆಯುವಾಗ ಬ್ಯಾಟನ್ನು ಪಕ್ಕಕ್ಕೆ ಸರಿಸುವುದು. ಚೆಂಡು ಬಾಗಿ ಅವನಿಂದ ದೂರ ಹೋಗುತ್ತದೆ.

ನಾಲ್ಕು, ಹಿಂದೆ ಸರಿದು ಎತ್ತರಕ್ಕೆ ಎತ್ತಿಕೊಡುವುದು. ಇದು ಮೇಜಿನ ಕೊನೆಯ ಅಂಚಿನ ಬಳಿ ಬೀಳಬೇಕು. ನಡುವೆ ಬಿದ್ದರೆ ನಾವೇ ಸ್ಮ್ಯಾಷಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ.

ಒಂದು ಎಚ್ಚರಿಕೆ. ಇವು ಉಪ್ಪಿನಕಾಯಿ ಇದ್ದಂತೆ, ಅನ್ನವಲ್ಲ. ಸಾದಾ ತಡೆ ಗಟ್ಟಿಯಾಗಿಲ್ಲದವನಿಗೆ ಇವು ಉಪಯೋಗಕ್ಕೆ ಬಾರವು. ಹನ್ನೊಂದು ಅಂಕದ ಆಟದಲ್ಲಿ ಎರಡು ಮೂರು ಸಲ ಸಾಕು. ಪದೇ ಪದೇ ಮಾಡಿದರೆ ಅದಕ್ಕೂ ಎದುರಾಳಿ ಒಗ್ಗಿಕೊಳ್ಳುತ್ತಾನೆ. ಒಂದೇ ಬಗೆಯ ಹೊಡೆತ ಹೊಡೆದು ಹೊಡೆದು ಅವನು ಲಯ ಹಿಡಿದಾಗಲೇ ಇದರ ಸಮಯ.

ಇದನ್ನು ಹೇಡಿಗಳ ಆಟವೆಂದು ಯಾರೂ ಹಳಿಯದಿರಲಿ. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಪಂದ್ಯಾವಳಿಯ ಫೈನಲಿನವರೆಗೆ ಬಂದ ಕೊರಿಯದ ಜೂ ಸೆ-ಹ್ಯುಕ್ ಚಾಪಿನ ಆಟಗಾರರೇ. ನಮ್ಮ ಮನಿಕಾ ಬಾತ್ರಾ ಬ್ಯಾಟಿನ ಒಂದು ಮೈಗೆ ಉದ್ದ ಗುಬುಟಿನ ರಬ್ಬರು ಹಾಕಿ ಎದುರಾಳಿಗಳ ಲಯ ಕೆಡಿಸಿ, 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು.

ಅಭ್ಯಾಸ ಸುಲಭ. ಒಬ್ಬರು ಇಪ್ಪತ್ತು ಚೆಂಡು ಹೊಡೆಯಲಿ. ಇನ್ನೊಬ್ಬರು ಹತ್ತು ನಿಜವಾದ ಚಾಪ್, ಹತ್ತು ಹುಸಿ ಚಾಪ್ ಬೆರೆಸಿ ಮರಳಿಸಲಿ. ಯಾವುದು ಯಾವುದೆಂದು ಹೊಡೆಯುವವರು ಪ್ರತಿ ಸಲವೂ ಕೂಗಿ ಹೇಳಬೇಕು. ಅವರು ಅರ್ಧದಷ್ಟು ತಪ್ಪು ಹೇಳಿದ ದಿನ ನಿಮ್ಮ ಕೈ ಪಳಗಿತೆಂದು ತಿಳಿಯಿರಿ. ಹುಡುಗರನ್ನೇ ಜೊತೆಗೆ ಕರೆಯಿರಿ; ಅವರಿಗೂ ಇದರಿಂದ ಕಲಿಯುವುದಿದೆ.