ಹರಿಹರದ ಲೇತು, ನೌರುವಿನ ರಂಜಕ

ಪುಟ್ಟ ದ್ವೀಪ ದೇಶಗಳಿಗೆ ಆರ್ಥಿಕ ಆಸರೆ ಅಂದ ಕೂಡ್ಲೇ ನನಗೆ ನೆನಪಾಗೋದು ನಮ್ಮ ಹರಿಹರ. ಇಲ್ಲಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಅಲ್ಲಿ ಮಾಡ್ತಿದ್ದದ್ದು ಲೇತು, ಅಂದ್ರೆ ಯಂತ್ರಗಳನ್ನ ಮಾಡೋ ಯಂತ್ರ. ಊರಿನ ಅಂಗಡಿ ಉದ್ರಿ, ಮನೆ ಬಾಡಿಗೆ, ಹೆಣ್ಮಕ್ಕಳ ಮದುವೆ ಎಲ್ಲಕ್ಕೂ ಆ ಸಂಬಳವೇ ಆಧಾರ. 1991ರ ಆರ್ಥಿಕ ಉದಾರೀಕರಣದ ನಂತರ ಹೊರದೇಶದ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸೋ, ಯಂತ್ರಗಳ ಪೈಪೋಟಿ ಬಿಗಿಯಾಯ್ತು. 2000ದ ಆಸುಪಾಸಿಗೆ ಕಾರ್ಖಾನೆ ಬಾಗಿಲು ಹಾಕ್ತು.

ಇಲ್ಲಿ ಒಂದು ಮಾತಿಗೆ ನನ್ನ ತಕರಾರಿದೆ. "ದಾವಣಗೆರೆಯವರು ಚಾಲಾಕು, ಹತ್ತಿ ಗಿರಣಿ ಮುಚ್ಚಿದ್ರೂ ಎದ್ದು ನಿಂತ್ರು, ಹರಿಹರದವರಿಗೆ ಆಗ್ಲಿಲ್ಲ" ಅಂತಾರೆ. ನಾನು ಒಪ್ಪಲ್ಲ. ದಾವಣಗೆರೆಯಲ್ಲಿ ಗಿರಣಿಗಳು ಹಲವು, ಮಾಲೀಕರೂ ಹಲವರು. ಗಿರಣಿಗಳು ಚೆನ್ನಾಗಿ ನಡೀತಿದ್ದಾಗಲೇ, 1958ರಲ್ಲಿ, ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು; 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು. ಭದ್ರಾ ನಾಲೆ ನೀರು ಭತ್ತ ತಂತು, ಭತ್ತದ ಹಿಂದೆ ರೈಸ್ ಮಿಲ್ಲುಗಳು. ಆ ನಾಲೆ ಕಟ್ಟಿದ್ದು ಸರ್ಕಾರದ ದುಡ್ಡು, ಯಾರ ಚಾಲಾಕುತನವೂ ಅಲ್ಲ! ಹರಿಹರದಲ್ಲಿ ಊರನ್ನೇ ಹೊತ್ತಿದ್ದದ್ದು ಒಂದು ಕಂಪನಿ. ಹಾಗಂತ ಹರಿಹರದ ಜನಕ್ಕೆ ಕಸುಬು ಇರ್ಲಿಲ್ಲ ಅಂತಲ್ಲ, ಕೈ ತುಂಬ ಕಸುಬಿತ್ತು. ಅದಕ್ಕೆ ಎರಡನೇ ಗಿರಾಕಿ ಇರ್ಲಿಲ್ಲ.

ಹೀಗೆ ಒಂದೇ ಆದಾಯವನ್ನ ನೆಚ್ಚಿದ ದ್ವೀಪಗಳನ್ನ ನೋಡೋಕೆ ಈಗ ಪೆಸಿಫಿಕ್‌ಗೆ ಹೋಗೋಣ. ನೌರು, ಬರೀ 21 ಚದರ ಕಿಲೋಮೀಟರ್. 1968ರಲ್ಲಿ ಸ್ವತಂತ್ರವಾಯ್ತು, ರಂಜಕದ ಅದಿರು ಮಾರಿ ಶ್ರೀಮಂತವಾಯ್ತು. ಗಳಿಸಿದ್ದನ್ನ ಮೆಲ್ಬರ್ನ್‌ನಲ್ಲಿ ಗಗನಚುಂಬಿ ಕಟ್ಟಡಕ್ಕೆ ಹಾಕಿ, ಸಾಲ ತೀರಿಸೋಕೆ ಅದನ್ನೂ 2004ರಲ್ಲಿ ಮಾರ್ತು. ಅದೇ ಪೆಸಿಫಿಕ್‌ನ ಇನ್ನೊಂದು ದ್ವೀಪ ದೇಶ ಕಿರಿಬಾಟಿಯ ಕಥೆ ಬೇರೆ. ಅಲ್ಲಿ ಬ್ರಿಟಿಷರ ಕಾಲದಲ್ಲೇ, 1956ರಲ್ಲಿ, ರಂಜಕದ ಆದಾಯದಿಂದ ಮೀಸಲು ನಿಧಿ ಕಟ್ಟಿದ್ರು. 1979ರಲ್ಲಿ ಗಣಿ ಬರಿದಾಯ್ತು, ನಿಧಿ ಇವತ್ತಿಗೂ ಇದೆ. ಅದಿರು ತೆಗೆದ ಬನಾಬಾ ದ್ವೀಪದ ಜನರನ್ನ 1945ರಲ್ಲಿ ಫಿಜಿಗೆ ಒಯ್ದಿದ್ದು ಮಾತ್ರ ದೊಡ್ಡ ಅನ್ಯಾಯ, ಅದನ್ನ ಮುಚ್ಚಿಡೋಕೆ ಆಗಲ್ಲ.

ಇಂಥ ದೇಶಗಳಿಗೆ ಭಾರತವೂ ನೆರವು ಕೊಡುತ್ತೆ: 2017ರಲ್ಲಿ ವಿಶ್ವಸಂಸ್ಥೆ ಜೊತೆ ಸೇರಿ ಒಂದು ನಿಧಿ, 2024ರಲ್ಲಿ ಮಾಲ್ಡೀವ್ಸ್‌ಗೆ 40 ಕೋಟಿ ಡಾಲರ್‌ನ ಕರೆನ್ಸಿ ವಿನಿಮಯ. ಡಾಲರ್ ಖಾಲಿಯಾದಾಗ ಅದು ಬೇಕೇ ಬೇಕು. ಆದ್ರೆ ಪ್ರವಾಸೋದ್ಯಮವೊಂದನ್ನೇ ನೆಚ್ಚಿದ ದೇಶಕ್ಕೆ ಎರಡನೇ ಕಸುಬು ಹುಟ್ಟಿಸೋ ಹಣ, ಮೊದಲನೇದು ಚೆನ್ನಾಗಿ ನಡೀತಿರುವಾಗಲೇ ಬರಬೇಕು.

ಹರಿಹರಕ್ಕೂ ಅದೇ ಮಾತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ 1972ರಿಂದ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಅದು ಹಾವೇರಿ ಜಿಲ್ಲೆ, ಹರಿಹರ ದಾವಣಗೆರೆ ಜಿಲ್ಲೆ. ಎರಡೂ ಜಿಲ್ಲಾಡಳಿತ ಒಟ್ಟಿಗೆ ಕೂತು, ಕಾರ್ಖಾನೆ ನಡೀತಿರೋ ಈಗಲೇ ಸಣ್ಣ ಎಂಜಿನಿಯರಿಂಗ್ ಘಟಕಗಳಿಗೆ ಜಾಗ, ಸಾಲ, ಹೊಸ ಯಂತ್ರದ ತರಬೇತಿ ಕೊಡ್ಲಿ.