ಕಾರವಾರದ ಮೀನು, ಹುಬ್ಬಳ್ಳಿಯ ತಾಟು

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಥರ್ಮಾಮೀಟರ್ ಒಡೆದಾಗ ಪಾದರಸದ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ಆಡಿದವರು ನಮ್ಮಲ್ಲಿ ಬಹಳ ಮಂದಿ. ಅದು ವಿಷವೆಂದು ಆಗ ನಮಗೆ ಗೊತ್ತಿರಲಿಲ್ಲ. ಈಚೆಗೆ ದೇಶಪಾಂಡೆ ನಗರದ ನಮ್ಮ ಓಣಿಯ ಅಜ್ಜಿಯೊಬ್ಬರು ಕೇಳಿದರು: "ಮೊಮ್ಮಗಳು ಬಸರಿ ಅದಾಳ. ಸಮುದ್ರದ ಮೀನಿನಾಗ ಪಾದರಸ ಇರ್ತದಂತ. ತಿನ್ನಬೇಕೋ, ಬಿಡಬೇಕೋ?" ಆ ಪ್ರಶ್ನೆಯೇ ಇವತ್ತಿನ ನನ್ನ ಮಾತು.

ಅಜ್ಜಿಯ ಭಯ ಸುಳ್ಳಲ್ಲ. ಜಪಾನಿನ ಮಿನಾಮಾಟಾದಲ್ಲಿ ಒಂದು ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸವಿದ್ದ ಹೊಲಸು ನೀರನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ತೂರಾಡಿ ಸತ್ತವು. 1956ರಲ್ಲಿ ಜನರ ರೋಗವೂ ದಾಖಲಾಯಿತು: ಕೈಕಾಲು ಜೋಮು, ತೊದಲು ಮಾತು, ಮಂಕಾಗುವ ಕಣ್ಣು. ತಾಯಿ ಆರಾಮವಿದ್ದಂತೆ ಕಂಡರೂ ಹೊಟ್ಟೆಯಲ್ಲಿದ್ದ ಕೂಸಿನ ಮಿದುಳಿಗೆ ಪೆಟ್ಟಾಗಿತ್ತು.

ನಾವು ತಿನ್ನುವ ಮೀನು ಬರುವ ಕಾರವಾರದಲ್ಲೂ ಈ ಪ್ರಶ್ನೆ ಎದ್ದಿತ್ತು. ಉಪ್ಪುನೀರಿಗೆ ವಿದ್ಯುತ್ ಹರಿಸಿ ಕಾಸ್ಟಿಕ್ ಸೋಡಾ ತಯಾರಿಸುವ ಹಳೆಯ ವಿಧಾನಕ್ಕೆ ಪಾದರಸ ಬೇಕಾಗುತ್ತಿತ್ತು. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಸಮುದ್ರಜೀವಿಗಳಲ್ಲಿ ಲೋಹಗಳು ಸೇರಿಕೊಳ್ಳುವ ಬಗೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, 1990ರಲ್ಲಿ ಪ್ರಕಟಿಸಿದರು. ಈಗ ನಮ್ಮ ದೇಶದ ಈ ಉದ್ಯಮಕ್ಕೆ ಪಾದರಸ ಬೇಡದ ವಿಧಾನ ಬಂದಿದೆ. ಆದರೆ ಕಲ್ಲಿದ್ದಲಿನ ಹೊಗೆಯಲ್ಲೂ ಪಾದರಸವಿದೆ. ಅದು ಮಳೆಯೊಡನೆ ನೀರಿಗಿಳಿಯುತ್ತದೆ.

ನೀರಿನ ತಳದ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಹಾವಸೆಗೆ, ಹಾವಸೆಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತದೆ. ಪ್ರತಿ ಮೆಟ್ಟಿಲಿಗೂ ಪ್ರಮಾಣ ಏರುತ್ತದೆ. ಹಾಗಾಗಿ ಬಹಳ ವರ್ಷ ಬದುಕಿ ಬೇರೆ ಮೀನು ತಿನ್ನುವ ದೊಡ್ಡ ಮೀನಿನಲ್ಲಿ ಅದು ಹೆಚ್ಚು. ಅದು ಮಾಂಸಕ್ಕೇ ಅಂಟಿಕೊಂಡಿರುವುದರಿಂದ ತೊಳೆದರೂ ಹುರಿದರೂ ಹೋಗುವುದಿಲ್ಲ. ನಮ್ಮ ಮೈಯಿಂದ ಅರ್ಧದಷ್ಟು ಹೊರಹೋಗಲು ಒಂದೂವರೆ-ಎರಡು ತಿಂಗಳು ಬೇಕು.

ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: "ಮೀನು ಬಿಡೂದು ಬ್ಯಾಡ್ರಿ ಅಮ್ಮಾ. ಕೂಸಿನ ಮಿದುಳಿಗೆ ಅದರ ಸತ್ವ ಬೇಕು. ಬಂಗಡೆ, ತಾರ್ಲಿ, ಸೀಗಡಿ ವಾರಕ್ಕ ಎರಡು ಸಲ ಕೊಡ್ರಿ. ಶಾರ್ಕ್, ದೊಡ್ಡ ಸುರಮಾಯಿ ಮಾತ್ರ ಕೂಸು ಎದೆಹಾಲು ಬಿಡೂತನಕ ಬ್ಯಾಡ." ಅಗ್ಗದ ಮೀನೇ ಒಳ್ಳೆಯದೆಂದು ಕೇಳಿ ಅಜ್ಜಿಗೆ ಖುಷಿಯಾಯಿತು.

ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದ 2013ರಲ್ಲಿ ಆಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಮಕ್ಕಳೇ, ನಿಮ್ಮ ಪಾಲಿನ ಕೆಲಸವೂ ಇದೆ. ಥರ್ಮಾಮೀಟರ್ ಒಡೆದರೆ ನಮ್ಮಂತೆ ಆಡಬೇಡಿ. ಕಿಟಕಿ ತೆರೆದು ದೊಡ್ಡವರನ್ನು ಕರೆಯಿರಿ. ಅವರು ಗಟ್ಟಿ ಕಾಗದದಿಂದ ಗುಂಡುಗಳನ್ನು ಬಾಟಲಿಗೆ ಸೇರಿಸಿ ಮುಚ್ಚಳ ಹಾಕಲಿ. ಚರಂಡಿಗೆ ಮಾತ್ರ ಚೆಲ್ಲಬೇಡಿ. ಚರಂಡಿಯ ನೀರು ಹಳ್ಳಕ್ಕೆ, ಹಳ್ಳದ ನೀರು ಹೊಳೆಗೆ, ಹೊಳೆಯ ನೀರು ಸಮುದ್ರಕ್ಕೇ ಸೇರುವುದು.